ಐದು ಮಿಲ್ಲಿಗೆ ಒಬ್ಬ ಫಿಟ್ಟರ್

ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಐ.ಟಿ.ಐ. ಮುಗಿಸಿದ ಹುಡುಗ ಹುಡುಗಿಯರು ಆಗಾಗ ನನ್ನ ಹತ್ತಿರ ಬರುತ್ತಾರೆ. ಬೇರಿಂಗು ಬಿಸಿಯಾದರೆ ಏನು ಮಾಡಬೇಕು, ಶಾಫ್ಟು ಬಾಗಿದ್ದು ಕಣ್ಣಿಗೆ ಕಾಣುತ್ತದೆಯೆ, ಹೀಗೆಲ್ಲ ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳುತ್ತೇನೆ. ಅವರು ಕೇಳದಿರುವ ಒಂದು ಸಂಗತಿಯನ್ನು ಇಲ್ಲಿ ಬರೆದಿಡಬೇಕು ಅನಿಸಿದೆ. ಒಂದು ಮಿಲ್ಲು ಇನ್ನೊಂದು ಮಿಲ್ಲಿನಿಂದ ಹೇಗೆ ಕಲಿಯಿತು ಮತ್ತು ಯಾರಿಂದ ಕಲಿಯಲು ಹಿಂಜರಿಯಿತು ಎನ್ನುವ ಸಂಗತಿ ಅದು. ನಾನು ಅದರ ನಡುವೆಯೇ ಇದ್ದೆ.

ನಮ್ಮಪ್ಪ ಕೊಟ್ಟೂರಿನಲ್ಲಿ ಕುಲುಮೆ ಇಟ್ಟಿದ್ದರು. ನಾನು ಬಳ್ಳಾರಿಯಲ್ಲಿ ಫಿಟ್ಟರ್ ತರಬೇತಿ ಮುಗಿಸಿ, ದಾವಣಗೆರೆಯ ಒಂದು ಲೇತ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಎಪ್ಪತ್ತರ ದಶಕದ ನಡುಭಾಗ. ಒಂದು ದಿನ ಕೊಟ್ಟೂರಿನ ಎಣ್ಣೆ ಮಿಲ್ಲಿನ ಮಾಲೀಕ ಚನ್ನಬಸಪ್ಪನವರು ಮುರಿದ ವರ್ಮು ಹಿಡಿದುಕೊಂಡು ಅಲ್ಲಿಗೆ ಬಂದರು. ಶೇಂಗಾ ಅರೆಯುವ ಎಕ್ಸ್‌ಪೆಲ್ಲರ್ ಯಂತ್ರದ ಹೊಟ್ಟೆಯಲ್ಲಿ ಸುರುಳಿ ಹಲ್ಲಿನ ಉಕ್ಕಿನ ತುಂಡುಗಳಿರುತ್ತವೆ. ಕಾಳನ್ನು ಮುಂದಕ್ಕೆ ತಳ್ಳುತ್ತ ಒತ್ತಿ ಎಣ್ಣೆ ಇಳಿಸುವುದು ಅವೇ. ಅವುಗಳಿಗೆ ನಾವು ವರ್ಮು ಎನ್ನುತ್ತಿದ್ದೆವು. ಅದೊಂದು ಮುರಿದರೆ ಮಿಲ್ಲು ನಿಂತ ಹಾಗೆಯೇ. ಅದೂ ಶೇಂಗಾ ಬರುವ ಸುಗ್ಗಿಯಲ್ಲಿ! ನಮ್ಮ ಕೆಲಸ ಮುಗಿಯುವವರೆಗೆ ಅವರು ಸ್ಟೂಲಿನ ಮೇಲೆ ಚಡಪಡಿಸುತ್ತ ಕೂತಿದ್ದರು.

"ಯಾವೂರಪ್ಪ ನಿಂದು?" ಎಂದರು.

"ನಿಮ್ಮೂರ ರೀ. ಬಸ್‌ಸ್ಟ್ಯಾಂಡ್ ಹಿಂದಿನ ಕುಲುಮಿ ನಮ್ಮದು."

"ಹೌದೇನು? ಮತ್ತ ಇಲ್ಲಿ ಏನ್ ಮಾಡ್ತಿ? ಊರಿಗಿ ಬಾ. ನನ್ನೊಬ್ಬನ ಮಿಲ್ಲಿಗಿ ವರ್ಷಪೂರ್ತಿ ಫಿಟ್ಟರ್ ಇಟ್ಕಳಾಕ ಆಗಂಗಿಲ್ಲ, ಖರೆ. ನಮ್ಮ ಕಡಿ ಮಿಲ್ಲಿನೋರ್ನ ನಾಕು ಮಂದೀನ ಕೂಡಿಸ್ತೀನಿ."

ಹೇಳಿದಂತೆ ಕೂಡಿಸಿದರು. ಕೊಟ್ಟೂರಿನ ಅವರ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ ನಾಲ್ವರು ಕೂತಿದ್ದರು. ಚನ್ನಬಸಪ್ಪನವರು, ಕೂಡ್ಲಿಗಿಯ ವಿರೂಪಾಕ್ಷಪ್ಪ, ಹರಪನಹಳ್ಳಿಯ ದಾದಾಪೀರ್ ಸಾಹೇಬರು ಮತ್ತು ಹಗರಿಬೊಮ್ಮನಹಳ್ಳಿಯಲ್ಲಿ ಮಿಲ್ಲು ನಡೆಸುತ್ತಿದ್ದ ಚನ್ನಬಸಪ್ಪನವರ ಅಳಿಯ. ಈ ಅಳಿಯ ಮಾವ ಏನು ಹೇಳಿದರೂ ಹೂಂ ಎನ್ನುವವನು. ಮಿಕ್ಕ ಮೂವರು ಶೇಂಗಾ ಖರೀದಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ದರ ಏರಿಸುವವರು. ಒಬ್ಬ ಫಿಟ್ಟರ್, ಒಂದು ಕಡೆ ಬಿಡಿಭಾಗಗಳ ದಾಸ್ತಾನು, ಖರ್ಚು ಎಲ್ಲರದು ಎಂಬುದು ಚನ್ನಬಸಪ್ಪನವರ ಯೋಚನೆ. ಎಲ್ಲರೂ ಒಪ್ಪಿದರು. ವಿರೂಪಾಕ್ಷಪ್ಪ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದು ಷರತ್ತು ಹಾಕಿದರು.

"ಇವನು ಇವತ್ತು ನನ್ನ ಮಿಲ್ಲಾಗ ಇರ್ತಾನ, ನಾಳೆ ನಿಮ್ಮ ಮಿಲ್ಲಾಗ ಇರ್ತಾನ. ಇಲ್ಲಿ ಕಂಡಿದ್ದು ಅಲ್ಲಿ ಹೇಳಂಗಿಲ್ಲ ಅಂತ ಮಾತು ಕೊಡಬೇಕು. ಕೊಟ್ರ ಇರಲಿ, ಇಲ್ಲಾಂದ್ರ ಬ್ಯಾಡ."

ಕೊಟ್ಟೆ. ವಯಸ್ಸು ಚಿಕ್ಕದು, ಊರಿಗೆ ಮರಳುವ ಆಸೆ ದೊಡ್ಡದು. ಆ ಮಾತು ಎಷ್ಟು ಭಾರದ್ದು ಎಂದು ಆಗ ನನಗೆ ತಿಳಿದಿರಲಿಲ್ಲ.

ಅಂದಿನಿಂದ ನನ್ನ ಬದುಕು ಬಸ್ಸಿನಲ್ಲೇ ಕಳೆಯಿತು. ಹೆಗಲಿಗೆ ಪಾನಾ, ಸುತ್ತಿಗೆಗಳ ಹತ್ಯಾರಿನ ಚೀಲ, ಬಟ್ಟೆಯಲ್ಲಿ ಎಣ್ಣೆಯ ವಾಸನೆ. ಪಕ್ಕದಲ್ಲಿ ಕೂರುವವರು ಸ್ವಲ್ಪ ಸರಿದು ಕೂರುತ್ತಿದ್ದರು. ಮಿಲ್ಲಿನಿಂದ ಮಿಲ್ಲಿಗೆ ಹೋಗುವಾಗ ಬೆರಗಾದದ್ದು ಒಂದೇ. ಒಂದೇ ನಮೂನೆಯ ಯಂತ್ರ, ಒಂದೇ ಕೆಮ್ಮಣ್ಣಿನಲ್ಲಿ ಬೆಳೆದ ಶೇಂಗಾ, ಆದರೆ ಒಬ್ಬರದರಂತೆ ಇನ್ನೊಬ್ಬರದು ಓಡುತ್ತಿರಲಿಲ್ಲ. ಕೊಟ್ಟೂರಿನವರು ಮೋಟಾರನ್ನು ಮಗುವಿನಂತೆ ನೋಡಿಕೊಳ್ಳುತ್ತಿದ್ದರು, ಅವರ ಬೆಲ್ಟುಗಳು ಮಾತ್ರ ಯಾವಾಗಲೂ ಸಡಿಲ. ಹರಪನಹಳ್ಳಿಯಲ್ಲಿ ಬೆಲ್ಟು ಸರಿ, ಗೋದಾಮಿನಲ್ಲಿ ಇಲಿಗಳದೇ ರಾಜ್ಯ. ಕೂಡ್ಲಿಗಿಯಲ್ಲಿ ಎಲ್ಲರಿಗಿಂತ ಹೆಚ್ಚು ಎಣ್ಣೆ ಇಳಿಯುತ್ತಿತ್ತು. ಅಲ್ಲಿ ವಿರೂಪಾಕ್ಷಪ್ಪನವರು ಎಕ್ಸ್‌ಪೆಲ್ಲರಿಗೆ ಕಾಳು ಸುರಿಯುವ ಜಾಗಕ್ಕೆ ಗೋಣಿಪಟ್ಟಿಯ ಪರದೆ ಕಟ್ಟಿಸಿದ್ದರು. ನಾನು ಮತ್ತು ಅವರ ನಂಬಿಕೆಯ ಒಬ್ಬ ಆಳು ಬಿಟ್ಟರೆ ಪರದೆಯೊಳಗೆ ಯಾರಿಗೂ ಪ್ರವೇಶವಿರಲಿಲ್ಲ. ಗುಟ್ಟು ಇಷ್ಟೇ: ಸಿಪ್ಪೆ ಬಿಡಿಸಿದ ಕಾಳಿಗೆ ಅವರು ಸ್ವಲ್ಪ ಸಿಪ್ಪೆಯನ್ನು ತಿರುಗಿ ಬೆರೆಸುತ್ತಿದ್ದರು. ಬರೀ ಕಾಳು ಹಾಕಿದರೆ ಅದು ಹಿಟ್ಟಿನ ಮುದ್ದೆಯಂತಾಗಿ ವರ್ಮಿನ ಜೊತೆಗೇ ತಿರುಗುತ್ತದೆ. ಸಿಪ್ಪೆಯ ತರಿ ಇದ್ದರೆ ಹಿಡಿತ ಸಿಗುತ್ತದೆ, ಒತ್ತಡ ಬೀಳುತ್ತದೆ, ಎಣ್ಣೆ ಇಳಿಯುತ್ತದೆ. ಬಾಯಿ ಮುಚ್ಚಿಕೊಂಡಿದ್ದೆ.

ಎರಡನೇ ಸುಗ್ಗಿಯಲ್ಲಿ ಒಂದು ಪೆಟ್ಟು ಬಿತ್ತು. ಒಬ್ಬ ಮಾರಾಟಗಾರ ಕೊಟ್ಟೂರಿಗೆ ಬಂದು, ಅಗ್ಗದ ಹೊಸ ಎರಕದ ವರ್ಮುಗಳನ್ನು ತೋರಿಸಿದ. ಮಾತಿನಲ್ಲಿ ಜೇನು ಸುರಿಸುವ ಮನುಷ್ಯ. ಚನ್ನಬಸಪ್ಪನವರು ಒಪ್ಪಿದರು. ಚನ್ನಬಸಪ್ಪ ತಗೊಂಡಾರ ಅಂದ್ರ ಚಲೋನ ಇರ್ತೈತಿ ಎಂದು ವಿರೂಪಾಕ್ಷಪ್ಪ ತೆಗೆದುಕೊಂಡರು. ಇಬ್ಬರು ತೆಗೆದುಕೊಂಡಿದ್ದಾರೆಂದು ದಾದಾಪೀರ್ ಸಾಹೇಬರು. ಅಳಿಯನನ್ನಂತೂ ಕೇಳುವುದೇ ಬೇಡ. ಒಬ್ಬರಿಗಾದರೂ ಮೊದಲು ಒಂದು ಯಂತ್ರಕ್ಕೆ ಹಾಕಿ ನೋಡೋಣ ಎಂದು ಹೊಳೆಯಲಿಲ್ಲ. ಎಲ್ಲರೂ ಒಬ್ಬರನ್ನೊಬ್ಬರು ನಂಬಿದ್ದರು. ನಂಬಿಕೆಯ ತಳದಲ್ಲಿ ಇದ್ದದ್ದು ಆ ಮಾರಾಟಗಾರನ ಮಾತು ಮಾತ್ರ. ಸುಗ್ಗಿ ಅರ್ಧಕ್ಕೆ ಬರುವಷ್ಟರಲ್ಲಿ ಹಲ್ಲುಗಳೆಲ್ಲ ಸವೆದು ನುಣ್ಣಗಾದವು. ನಾಲ್ಕೂ ಮಿಲ್ಲು ಒಂದೇ ವಾರದಲ್ಲಿ ನಿಂತವು. ಬೇರೆ ಬೇರೆಯಾಗಿದ್ದರೆ ಒಂದೆರಡಾದರೂ ಓಡುತ್ತಿದ್ದವೇನೋ.

ಚನ್ನಬಸಪ್ಪನವರು ಆ ದಿನ ನಿಂತ ಯಂತ್ರದ ಪಕ್ಕ ಕೂತು, "ನನ್ನ ಮಾತು ಕೇಳಿ ಎಲ್ಲಾರು ಕೆಟ್ರಲ್ಲೋ" ಎಂದು ಬಹಳ ನೊಂದುಕೊಂಡರು. ಆಗ ಕೈಹಿಡಿದವರು ದಾದಾಪೀರ್ ಸಾಹೇಬರು. ಅವರಿಗೆ ದಾವಣಗೆರೆಯ ಒಡನಾಟ ಹೆಚ್ಚು. ಅಲ್ಲಿ ಸವೆದ ವರ್ಮಿನ ಮೇಲೆ ಗಟ್ಟಿ ರಾಡಿನಿಂದ ಬೆಸುಗೆಯ ಪದರ ಕಟ್ಟಿ, ಉಜ್ಜಿ, ಹೊಸದರಂತೆ ಮಾಡುತ್ತಾರೆಂದು ಅವರೇ ಕೇಳಿಕೊಂಡು ಬಂದರು.

"ಆಗಿದ್ದು ಆತು ಬಿಡ್ರಿ ಚನ್ನಬಸಪ್ಪಾರೆ. ನಾವೂ ಕಣ್ಣು ಮುಚ್ಚಿಕೊಂಡೇ ತಗೊಂಡ್ವಲ್ಲ," ಎಂದರು. ನನ್ನ ಕಡೆ ತಿರುಗಿ, "ನೀನು ನಾಳೆನೇ ದಾವಣಗೆರೆಗೆ ಹೋಗು. ಕಲ್ತು ಬಾ. ಒಬ್ಬ ಕಲ್ತರೆ ನಾಕು ಮಿಲ್ಲಿಗೂ ಆತು," ಎಂದರು.

ಕಲಿತು ಬಂದೆ. ಉಳಿದ ಸುಗ್ಗಿಯನ್ನು ಹಾಗೆ ದಾಟಿಸಿದೆವು. ಆಮೇಲೆ ಒಂದು ಕಟ್ಟಳೆ ಮಾಡಿಕೊಂಡರು: ಹೊಸದು ಏನೇ ಬಂದರೂ ಒಬ್ಬರ ಮಿಲ್ಲಿನಲ್ಲಿ ಮೊದಲು ಓಡಬೇಕು, ಉಳಿದವರು ಬಂದು ಕಣ್ಣಾರೆ ನೋಡಬೇಕು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ಸ್ನೇಹಿತರ ನಾಲ್ಕು ಕಾರ್ಖಾನೆಗಳು ಒಂದೇ ಮಾತು ಹೇಳಿದರೆ ಅದು ನಾಲ್ಕು ಸಾಕ್ಷಿಯಾಗುವುದಿಲ್ಲ. ಹೊರಗಿನ ಊರಿನಲ್ಲಿ ಏನು ನಡೆದಿದೆ ಎಂದು ತಿಳಿದು ಬರುವ ಒಬ್ಬರಾದರೂ ಗುಂಪಿನಲ್ಲಿ ಇರಬೇಕು.

ಮುಂದಿನ ವರ್ಷ ಹೂವಿನಹಡಗಲಿಯಿಂದ ಕರೆ ಬಂತು. ಅಲ್ಲಿಯ ಮಿಲ್ಲಿನ ಯಜಮಾನರು ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು. ಅವರ ಹೆಂಡತಿ ಗೌರಮ್ಮ ಮಿಲ್ಲಿನಲ್ಲಿ ಕೂರತೊಡಗಿದ್ದರು. ಯಂತ್ರ ಓಡುತ್ತದೆ, ಎಣ್ಣೆ ಇಳಿಯುವುದಿಲ್ಲ, ಒಮ್ಮೆ ಫಿಟ್ಟರನ್ನು ಕಳಿಸಿ ಎಂದು ಹೇಳಿಕಳಿಸಿದ್ದರು. ಹೆಣ್ಣುಮಗಳ ಮಿಲ್ಲನ್ನು ಗುಂಪಿಗೆ ಸೇರಿಸುವುದು ಹೇಗೆ ಎಂದು ಮಾಲೀಕರು ಗೊಣಗಿದರಾದರೂ, ಒಂದು ಸಲ ಹೋಗಿ ಬಾ ಎಂದರು.

ಹೋದೆ. ಆಕೆ ತಲೆಯ ಮೇಲೆ ಸೆರಗು ಹೊದ್ದು, ಎಕ್ಸ್‌ಪೆಲ್ಲರಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದರು. ಹೊಸದಾಗಿ ತಂದ ಕಾಯಿ ಒಡೆಯುವ ಯಂತ್ರ ಸಿಪ್ಪೆಯನ್ನೆಲ್ಲ ಪೂರ್ತಿ ತೆಗೆದು ಕಾಳನ್ನು ಮುತ್ತಿನಂತೆ ಕೊಡುತ್ತಿತ್ತು. ಅದನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಒಳಗೆ ಕೈಹಾಕಿ ನೋಡಿದರೆ ಮುದ್ದೆ ಮುದ್ದೆ. ಆದರೆ ವಿರೂಪಾಕ್ಷಪ್ಪನವರಿಗೆ ಮಾತು ಕೊಟ್ಟಿದ್ದೆ. ಬೇಕೆಂದೇ ಯಂತ್ರವನ್ನೆಲ್ಲ ಬಿಚ್ಚಿ ಜೋಡಿಸಿದೆ, ಹೊತ್ತು ಕಳೆಯಲಿಕ್ಕೆ.

"ಏನು ಕೆಟ್ಟೈತಪ್ಪ?" ಎಂದು ಗೌರಮ್ಮ ಕೇಳಿದರು.

"ಯಂತ್ರ ಸರಿ ಐತ್ರೀ ಅಕ್ಕಾರೆ."

"ಯಂತ್ರ ಸರಿ ಐತಿ, ಕಾಳು ಚಲೋ ಅದಾವು. ಮತ್ತ ತಪ್ಪೆಲ್ಲೈತಿ? ನಿನಗ ಗೊತ್ತೈತಿ. ಮುಖ ನೋಡಿದ್ರ ತಿಳಿತೈತಿ. ಇದು ನಿಂತ್ರ ಇಲ್ಲಿರೋ ಆಳುಗಳೆಲ್ಲ ನಾಳಿಂದ ಎಲ್ಲಿಗಿ ಹೋಗಬೇಕು ಹೇಳು."

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಗೊತ್ತೈತ್ರಿ. ಆದ್ರ ಅದು ನನ್ನ ಸ್ವತ್ತಲ್ಲ. ಅದರ ಮಾಲಕರ್ನ ಕೇಳಿ ಬರ್ತೀನಿ," ಎಂದೆ.

ನೇರ ಕೂಡ್ಲಿಗಿಗೆ ಹೋಗಿ ವಿರೂಪಾಕ್ಷಪ್ಪನವರ ಮುಂದೆ ನಿಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರ ಮುಖ ಕೆಂಪಾಯಿತು.

"ಹೇಳಿಬಿಟ್ಟಿಯೇನಲೇ?"

"ಹೇಳಿದ್ರ ನಿಮ್ಮ ಹತ್ರ ಯಾಕ ಬರ್ತಿದ್ದೆ ಯಜಮಾನ್ರೆ?"

ಅವರು ಎದ್ದು ಮಿಲ್ಲಿನ ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದರು. ಕೆಲಸ ಹೋಯಿತು ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ಹತ್ತಿರ ಬಂದು, "ಅವನಿಗಿ ಮಾತು ಬರ್ತಾವೇನು?" ಎಂದರು. ಗೌರಮ್ಮನ ಗಂಡನ ಬಗ್ಗೆ ಕೇಳುತ್ತಿದ್ದಾರೆಂದು ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಇಬ್ಬರೂ ಚಿಕ್ಕಂದಿನಲ್ಲಿ ಒಂದೇ ಶಾಲೆಯಲ್ಲಿ ಓದಿದವರಂತೆ.

"ಇಲ್ರಿ. ಸನ್ನೆ ಮಾಡ್ತಾರ, ಅಷ್ಟ."

"ನಡಿ, ನಾನೂ ಬರ್ತೀನಿ."

ಹಡಗಲಿಗೆ ಬಂದು, ಮೊದಲು ಮನೆಗೆ ಹೋಗಿ ಹಾಸಿಗೆಯ ಪಕ್ಕ ಸ್ವಲ್ಪ ಹೊತ್ತು ಕೂತರು. ಆಮೇಲೆ ಮಿಲ್ಲಿಗೆ ಬಂದು ಅಂಗಿಯ ತೋಳು ಮಡಚಿ, ಸಿಪ್ಪೆಯ ರಾಶಿಯಿಂದ ಬೊಗಸೆ ಬೊಗಸೆ ತೆಗೆದು ತಾವೇ ಕಾಳಿಗೆ ಬೆರೆಸಿದರು. "ಇಷ್ಟ ನೋಡವ್ವ. ಹೆಚ್ಚಾದ್ರ ಹಿಂಡಿ ಕೆಡತೈತಿ, ಕಮ್ಮಿಯಾದ್ರ ಎಣ್ಣಿ ಬರಂಗಿಲ್ಲ," ಎಂದರು. ಎಕ್ಸ್‌ಪೆಲ್ಲರ್ ಮೊದಲ ಸಲ ಗಟ್ಟಿಯಾಗಿ ಗೊರಗುಟ್ಟಿತು. ಅದರ ಹೊಟ್ಟೆಯ ಸುತ್ತಲಿನ ಕಂಬಿಗಳ ಸಂದಿಯಿಂದ ಎಣ್ಣೆ ಎಳೆಎಳೆಯಾಗಿ ಇಳಿಯಿತು. ಗೌರಮ್ಮ ಕುರ್ಚಿಯಿಂದ ಎದ್ದು ನಿಂತರು.

ಹೊರಡುವಾಗ ವಿರೂಪಾಕ್ಷಪ್ಪನವರ ಕಣ್ಣು ಅಲ್ಲಿದ್ದ ಎಣ್ಣೆಯ ತೊಟ್ಟಿಯ ಮೇಲೆ ಬಿತ್ತು. ಅವರ ಎಣ್ಣೆ ಯಾವಾಗಲೂ ಸ್ವಲ್ಪ ಮಬ್ಬು. ಇಲ್ಲಿಯದು ಕನ್ನಡಿಯಂತಿತ್ತು. ಹೇಗೆ ಎಂದು ಕೇಳಿಯೂ ಕೇಳದಂತೆ ಕೇಳಿದರು. ಗೌರಮ್ಮ ತಾವು ಎಣ್ಣೆಯನ್ನು ಮುಚ್ಚಿದ ತೊಟ್ಟಿಯಲ್ಲಿ ನಿಲ್ಲಿಸುವುದು, ತಳದ ಗಸಿಯನ್ನು ಕದಡದೆ ಮೇಲಿನದನ್ನಷ್ಟೆ ಇಳಿಸುವುದು, ಶೋಧಿಸುವ ಬಟ್ಟೆಯನ್ನು ಬಿಸಿನೀರು ಸೋಡಾದಲ್ಲಿ ಒಗೆಯುವುದು, ಎಲ್ಲವನ್ನೂ ಬಿಡಿಸಿ ಹೇಳಿದರು. ಬಸ್ಸಿನಲ್ಲಿ ವಿರೂಪಾಕ್ಷಪ್ಪ, "ನಾನು ಇಷ್ಟು ವರ್ಷ ಗೋಣಿಪಟ್ಟಿ ಕಟ್ಟಿ ಮುಚ್ಚಿಟ್ಟೆ. ಆಯಮ್ಮ ಕೇಳಿದ ಕೂಡ್ಲೆ ಹೇಳಿಬಿಟ್ಳು ನೋಡಲೇ," ಎಂದರು. ಮುಂದಿನ ವಾರ ನಾನು ಕೂಡ್ಲಿಗಿಗೆ ಹೋದಾಗ ಪರದೆ ಇರಲಿಲ್ಲ.

ಹೀಗೆ ಗೌರಮ್ಮನವರದೂ ಸೇರಿ ಮಿಲ್ಲುಗಳು ಐದಾದವು. ತಿಂಗಳಿಗೊಮ್ಮೆ ಒಬ್ಬೊಬ್ಬರ ಮಿಲ್ಲಿನಲ್ಲಿ ಸೇರುವುದು, ಸುತ್ತಾಡಿ ನೋಡುವುದು, ತಪ್ಪು ಕಂಡರೆ ಹೇಳುವುದು ರೂಢಿಯಾಯಿತು. ಎಣ್ಣೆ ಇಳಿದ ಮೇಲೆ ಉಳಿಯುವ ಹಿಂಡಿಯನ್ನು ಚಿತ್ರದುರ್ಗದ ಕಡೆಯ ಒಂದು ಕಾರ್ಖಾನೆ ಕೊಳ್ಳುತ್ತಿತ್ತು, ಆದರೆ ತುಂಬಿದ ಲಾರಿಯೇ ಬೇಕು ಎನ್ನುತ್ತಿತ್ತು. ಒಬ್ಬೊಬ್ಬರಿಂದ ಆಗದ್ದು ಐವರಿಂದ ಆಯಿತು. ಯಂತ್ರ ನಿಂತು ಹಾಳಾಗುತ್ತಿದ್ದ ದಿನಗಳು ಕಡಿಮೆಯಾದವು, ಎಣ್ಣೆ ಹೆಚ್ಚಿತು. ಎಲ್ಲರೂ ಅಣ್ಣತಮ್ಮಂದಿರಾದರು ಎಂದು ತಿಳಿಯಬೇಡಿ. ಶೇಂಗಾ ಖರೀದಿಯಲ್ಲಿ ಜಗಳ ಹಾಗೆಯೇ ಇತ್ತು. ಸಂತೆಯಲ್ಲಿ ಮುಖ ತಿರುಗಿಸಿಕೊಂಡವರು ಮಿಲ್ಲಿನೊಳಗೆ ಕೂಡಿ ಬಗ್ಗಿ ಬೇರಿಂಗು ನೋಡುತ್ತಿದ್ದರು.

ಎಂಬತ್ತರ ದಶಕ ಬಂತು. ಕೊಟ್ಟೂರು ಮಿಲ್ಲಿನಲ್ಲಿ ದುರುಗಪ್ಪ ಎಂಬವನಿದ್ದ. ಚೀಲ ಹೊರುವ ಹಮಾಲಿಯಾಗಿ ಬಂದು ಎಕ್ಸ್‌ಪೆಲ್ಲರ್ ಓಡಿಸುವವನಾಗಿದ್ದ. ನನ್ನ ಓರಗೆಯವನು. ಕೆಲಸದ ನಡುವೆ ಬುತ್ತಿ ಬಿಚ್ಚಿ ಒಟ್ಟಿಗೆ ಉಣ್ಣುತ್ತಿದ್ದೆವು. ಅವನು ಬ್ಯಾಂಕಿನ ಸಾಲ ಎತ್ತಿ, ಹಳೆಯದೊಂದು ಸಣ್ಣ ಎಕ್ಸ್‌ಪೆಲ್ಲರ್ ಕೊಂಡು, ತನ್ನ ಹೆಂಡತಿಯ ತವರಾದ ಹೊಸಹಳ್ಳಿಯಲ್ಲಿ ಮಿಲ್ಲು ಹಾಕಿದ. ಚನ್ನಬಸಪ್ಪನವರು "ಚಲೋ ಆಗಲಿ" ಎಂದು ಕಳಿಸಿಕೊಟ್ಟರು. ಆದರೆ ಅವನ ಯಂತ್ರದ ಗೇರ್‌ಪೆಟ್ಟಿಗೆ ಕೆಟ್ಟು ಅವನು ನನಗೆ ಹೇಳಿಕಳಿಸಿದಾಗ, ನನ್ನನ್ನು ತಡೆದವರೂ ಅವರೇ.

"ಹೋಗಬ್ಯಾಡ. ಇವತ್ತು ಅವನಿಗಿ ಮಾಡಿಕೊಟ್ರ ನಾಳೆ ನಮ್ಮ ಆಳುಗಳೆಲ್ಲ ಮಿಲ್ಲು ಹಾಕ್ತಾರ," ಎಂದರು.

ಹೇಳದೆ ಬಿಟ್ಟ ಮಾತೂ ಒಂದಿತ್ತು. ದುರುಗಪ್ಪನ ಕೇರಿ ಊರ ಹೊರಗಿನದು. ಗುಂಪಿಗೆ ಸೇರಿಸಿದರೆ ಅವನೂ ಜಮಖಾನೆಯ ಮೇಲೆ ಕೂರಬೇಕು, ಅವನ ಮನೆಯಲ್ಲೂ ಸಭೆ ನಡೆಯಬೇಕು. ಚನ್ನಬಸಪ್ಪನವರು ಕೆಟ್ಟವರಲ್ಲ. ದುರುಗಪ್ಪನ ಹೆಂಡತಿ ಹೆರಿಗೆಯಲ್ಲಿ ಕಷ್ಟಪಟ್ಟಾಗ ತಮ್ಮ ಜೀಪಿನಲ್ಲೇ ಆಸ್ಪತ್ರೆಗೆ ಕಳಿಸಿದ್ದರು. ಅವರಿಗೆ ಕೊಡುವುದು ಗೊತ್ತಿತ್ತು. ಪಕ್ಕದಲ್ಲಿ ಕೂರಿಸಿಕೊಳ್ಳುವುದು ಗೊತ್ತಿರಲಿಲ್ಲ.

"ನಾನು ಐದು ಮಂದಿಯ ಫಿಟ್ಟರ್ ರೀ. ಐದೂ ಮಂದಿ ಬ್ಯಾಡ ಅಂದ್ರ ಹೋಗಂಗಿಲ್ಲ. ಆದ್ರ ಆ ಮಾತು ದುರುಗಪ್ಪನ ಮುಂದ ನೀವ ಹೇಳಬೇಕು," ಎಂದೆ. ಅವರು ಎದ್ದು ಒಳಗೆ ಹೋದರು.

ಆ ತಿಂಗಳ ಸಭೆ ಹಡಗಲಿಯಲ್ಲಿತ್ತು. ದುರುಗಪ್ಪನಿಗೆ ನಾನೇ ಬರಲು ಹೇಳಿದ್ದೆ. ಅವನು ಒಗೆದ ಬಿಳಿ ಅಂಗಿ ತೊಟ್ಟು ಬಂದು ಮಿಲ್ಲಿನ ಗೇಟಿನ ಹತ್ತಿರ ನಿಂತಿದ್ದ. ಒಳಗೆ ನಾನು ವಿಷಯ ಎತ್ತಿದ ಕೂಡಲೇ ಅಳಿಯ ಮಾವನ ಮುಖ ನೋಡಿದ. ದಾದಾಪೀರ್ ಸಾಹೇಬರು ಗಂಟಲು ಸರಿಮಾಡಿಕೊಂಡರು. ಮೊದಲು ಮಾತಾಡಿದವರು ಗೌರಮ್ಮ.

"ಹೊರಗ ನಿಂತವನ ಬಗ್ಗಿ ಒಳಗ ಕುಂತು ಮಾತಾಡೋದು ನನ್ನ ಮಿಲ್ಲಿನ್ಯಾಗ ಬ್ಯಾಡ. ಮೊದಲು ಅವನ್ನ ಕರೀರಿ. ನನ್ನ ಸೇರಿಸಿಕಳ್ಳುವಾಗ್ಲೂ ನೀವು ಹಿಂಗ ಗೊಣಗಿದ್ರಂತ. ನನಗೇನು ಗೊತ್ತಿಲ್ಲ ಅಂದ್ಕಂಡೀರೇನು?"

ನಾನು ಹೋಗಿ ಕರೆದುಕೊಂಡು ಬಂದೆ. ಅವನು ಬಾಗಿಲ ಪಕ್ಕದಲ್ಲಿ ನಿಂತ. ಹೊಸಹಳ್ಳಿಗೆ ಹತ್ತಿರದ ಮಿಲ್ಲು ವಿರೂಪಾಕ್ಷಪ್ಪನವರದು. ದುರುಗಪ್ಪ ಬೆಳೆದರೆ ಮೊದಲ ನಷ್ಟ ಅವರಿಗೆ. ಹಾಗಾಗಿ ಅವರು ಏನನ್ನುತ್ತಾರೋ ಎಂದು ಎಲ್ಲರೂ ಅವರತ್ತ ನೋಡಿದರು. ಅವರು ಕೇಳಿದ್ದು ಹಿಂಡಿಯ ಬಗ್ಗೆ.

"ಹಿಂಡಿ ಯಾರಿಗಿ ಕೊಡ್ತಿ?"

"ಸುತ್ತಮುತ್ತಲ ದನ ಇದ್ದೋರಿಗೆ ರೀ. ಸುಮಾರು ಉಳದು ಬೂಸ್ಟು ಹಿಡೀತೈತಿ."

"ನಮ್ಮ ಲಾರಿ ಹೊಸಹಳ್ಳಿ ಮ್ಯಾಲ ಹೋಗತೈತಿ. ಒಮ್ಮೊಮ್ಮೆ ತುಂಬಂಗಿಲ್ಲ. ಇವನದೂ ಹಾಕಿದ್ರ ತುಂಬತೈತಿ," ಎಂದು ಉಳಿದವರಿಗೆ ಹೇಳಿ, "ನನ್ನ ಅಭ್ಯಂತರ ಇಲ್ಲ," ಎಂದರು. ಲಾಭ ನೋಡಿ ಹೇಳಿದರೋ, ಮನಸ್ಸಿನಿಂದ ಹೇಳಿದರೋ ನನಗೆ ಇಂದಿಗೂ ಗೊತ್ತಿಲ್ಲ. ಎರಡೂ ಇದ್ದಿರಬಹುದು.

ಚನ್ನಬಸಪ್ಪನವರು ತಲೆ ಎತ್ತಿದರು. "ಅಲ್ಲೋ ದುರುಗಪ್ಪ, ಗೇರು ಕೆಟ್ಟಿದ್ದಕ್ಕ ನನ್ನತ್ರ ಯಾಕ ಬರಲಿಲ್ಲ ನೀನು? ಇಷ್ಟು ವರ್ಷ ನನ್ನ ಮಿಲ್ಲಾಗ ಇದ್ದೋನು."

"ಬಂದಿದ್ರ ಸಹಾಯ ಮಾಡ್ತಿದ್ರಿ ಯಜಮಾನ್ರೆ, ಅದು ನನಗ ಗೊತ್ತೈತಿ," ಎಂದ ದುರುಗಪ್ಪ. ದನಿ ಮೆತ್ತಗಿತ್ತು, ನಡುಗುತ್ತಿರಲಿಲ್ಲ. "ನಿಮ್ಮ ಸಹಾಯ ಬಾಳ ತಗಂಡೀನಿ. ಈಗ ಎಲ್ಲಾರಂಗ ನನ್ನ ಪಾಲು ಕೊಟ್ಟು ಫಿಟ್ಟರನ ಕರಕಂಡು ಹೋಗಾನ ಅಂತ ಬಂದೀನಿ."

ಚನ್ನಬಸಪ್ಪನವರು ತಮ್ಮ ಕೈಯ ರೇಖೆ ನೋಡಿಕೊಂಡರು. ಆಮೇಲೆ ಜಮಖಾನೆಯ ಮೇಲೆ ಸ್ವಲ್ಪ ಸರಿದು, "ಅಲ್ಲಿ ಯಾಕ ನಿಂತಿ, ಸೆಕಿ ಐತಿ. ಈ ಕಡಿ ಬಾ," ಎಂದರು. ದುರುಗಪ್ಪ ಬಂದು ಕೂತ, ಅಂಚಿನಲ್ಲಿ.

ಮರುದಿನವೇ ನಾನು ಹೊಸಹಳ್ಳಿಗೆ ಹೋಗಿ ಗೇರ್‌ಪೆಟ್ಟಿಗೆ ಬಿಚ್ಚಿದೆ. ಕೆಲವು ತಿಂಗಳ ನಂತರ ಸಭೆ ಅಲ್ಲಿಗೆ ಬಂತು. ಅಳಿಯ ಬರಲಿಲ್ಲ. ಉಳಿದವರು ಬಂದರು. ದುರುಗಪ್ಪನ ಹೆಂಡತಿ ಹನುಮವ್ವ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಮಾಡಿದ್ದಳು. ಚನ್ನಬಸಪ್ಪನವರು ಹೊಟ್ಟೆ ಸರಿಯಿಲ್ಲ ಎಂದು ತಿನ್ನಲಿಲ್ಲ. ಆದರೆ ಎಲ್ಲರೂ ಹೋದ ಮೇಲೂ ಯಂತ್ರದ ಹತ್ತಿರ ಉಳಿದು, ಬೆಲ್ಟಿನ ಬಿಗಿತ, ಕಾಳಿನ ಬಿಸಿ ಎಲ್ಲವನ್ನೂ ಮುಟ್ಟಿ ನೋಡಿ ತಿದ್ದಿದರು. ಹನುಮವ್ವನಿಗೆ ಬೇಸರವಾಗಿತ್ತು. ದುರುಗಪ್ಪ, "ಇವತ್ತು ಇಷ್ಟ ಆತು, ಇರಲಿ ಬಿಡು," ಎಂದ. ಮುಂದಿನ ಸಲ ಬಂದಾಗ ಅವರು ತಿಂದರು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅಗ್ಗದ ಬೇರೆ ಎಣ್ಣೆಗಳು ಅಂಗಡಿಗೆ ಬಂದವು, ದೊಡ್ಡ ಕಾರ್ಖಾನೆಗಳು ಶೇಂಗಾವನ್ನು ಹೊಲದಿಂದಲೇ ಎತ್ತತೊಡಗಿದವು. ಸುತ್ತಲಿನ ಎಷ್ಟೋ ಒಂಟಿ ಮಿಲ್ಲುಗಳು ಬಾಗಿಲು ಹಾಕಿದವು. ನಮ್ಮವು ಇನ್ನೂ ಕೆಲವು ವರ್ಷ ತಡೆದವು. ಕೂಡಿ ಇದ್ದದ್ದಕ್ಕೇ ತಡೆದವು ಎಂದು ನಾನು ನಂಬಿದ್ದೇನೆ. ಕೂಡಿದ್ದರಿಂದ ಎಲ್ಲವನ್ನೂ ಗೆಲ್ಲಬಹುದೆಂದು ಮಾತ್ರ ಹೇಳಲಾರೆ. ಮೊದಲು ಹಗರಿಬೊಮ್ಮನಹಳ್ಳಿಯದು ಮುಚ್ಚಿತು, ಆಮೇಲೆ ಕೊಟ್ಟೂರಿನದು.

ಕೊಟ್ಟೂರಿನ ಎಕ್ಸ್‌ಪೆಲ್ಲರನ್ನು ಗುಜರಿಗೆ ಹಾಕಲು ಚನ್ನಬಸಪ್ಪನವರಿಗೆ ಮನಸ್ಸಿರಲಿಲ್ಲ. ದುರುಗಪ್ಪ ಕೊಂಡ. ನಾನೇ ಬಿಚ್ಚಿ, ಲಾರಿಗೆ ಏರಿಸಿ, ಹೊಸಹಳ್ಳಿಯಲ್ಲಿ ಜೋಡಿಸಿದೆ. ಮೊದಲ ಸಲ ಓಡಿಸುವ ದಿನ ಚನ್ನಬಸಪ್ಪನವರು ಕರೆಯದಿದ್ದರೂ ಬಸ್ಸು ಹತ್ತಿ ಬಂದರು. ವಯಸ್ಸಾಗಿತ್ತು. ಒಂದು ಚೀಲದ ಮೇಲೆ ಕೂತು, ಕಣ್ಣು ಮುಚ್ಚಿ ಯಂತ್ರದ ಸದ್ದನ್ನು ಆಲಿಸಿದರು. ಅಳುತ್ತಾರೇನೋ ಎಂದು ನನಗೆ ಭಯವಾಯಿತು. ಅವರು ಕಣ್ಣು ತೆರೆದು, ಪಕ್ಕದ ರಾಶಿಯಿಂದ ನಾಲ್ಕು ಕಾಳು ಎತ್ತಿ ಬಾಯಿಗೆ ಹಾಕಿಕೊಂಡು ಅಗಿದರು.

"ಈ ಮಾಲನ್ನ ಎಷ್ಟಕ್ಕ ತಗಂಡಿ?"

ದುರುಗಪ್ಪ ದರ ಹೇಳಿದ.

"ಬಾಳ ಆತಲ್ಲೋ! ಕಾಳು ಸೊರಗ್ಯಾವು. ನಿನಗ ಯಾರೋ ಟೋಪಿ ಹಾಕ್ಯಾರ."

"ಏನ್ ಮಾತಾಡ್ತೀರಿ ಯಜಮಾನ್ರೆ? ಇಂಥ ಮಾಲು ಈ ಸಲ ಎಲ್ಲೈತಿ ತೋರಿಸ್ರಿ ನೋಡಾನ!"

ಇಬ್ಬರ ದನಿಯೂ ಏರಿತು. ಕಾಳು ಅಂಗೈ ಮೇಲೆ ಹಾಕಿಕೊಂಡು, ಒಡೆದು ತೋರಿಸಿ, ಮಿಲ್ಲಿನವರು ಜಗಳಾಡುವಂತೆ ಜಗಳಾಡಿದರು. ನಾನು ಕೈ ಒರೆಸಿಕೊಂಡು, ಚೀಲ ಹೆಗಲಿಗೇರಿಸಿ, ಹರಪನಹಳ್ಳಿಯ ಬಸ್ಸು ಹಿಡಿಯಲು ಹೊರಟೆ.